ಕಿಟಕಿಯ ನಂತರದ ಸಾಲು

ತನ್ನ ಕೈ ಜೇಬಿಗೆ ಹೋಗಿದೆ ಎಂದು ಅವನಿಗೆ ತಿಳಿದದ್ದು ಹೆಂಡತಿಯ ಕಣ್ಣು ಅಲ್ಲಿಗೆ ಹೋದ ಮೇಲೆ. ಅಷ್ಟರಲ್ಲಿ ಎರಡು ಬೆರಳು ಪುಟ್ಟ ನೋಟುಪುಸ್ತಕದ ಅಂಚನ್ನು ಹಿಡಿದಾಗಿತ್ತು. ಗಳಿಗೆ ಮುಂಚೆ ಅವಳು ಒಲೆಯ ಮುಂದೆ ನಿಂತು ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದಳು. ಯಾರೂ ಕೇಳದೆ, ಯಾವ ಪೀಠಿಕೆಯೂ ಇಲ್ಲದೆ, 'ರಾತ್ರಿ ಪುಟ್ಟಿ ಕನಸಲ್ಲಿ ಬಂದಿದ್ಲು' ಎಂದಿದ್ದಳು. 'ದೊಡ್ಡೋಳಾಗಿದ್ದಾಳೆ ಕಣ್ರೀ. ನನ್ನಷ್ಟೇ ಎತ್ತರ. ಒಳಗೆ ಬಾ ಅಂದ್ರೆ ಬರಲಿಲ್ಲ. ಬಾಗಿಲಲ್ಲೇ ನಿಂತ್ಕೊಂಡು ನನ್ನ ಒಂದು ಮಾತು ಕೇಳಿದ್ಲು...' ಅಷ್ಟು ಹೇಳಿ ತಿರುಗಿದ್ದಳು, ಕಣ್ಣಲ್ಲಿ ಕಣ್ಣಿಟ್ಟು ಉಳಿದದ್ದನ್ನು ಹೇಳಲೆಂದೇ ತಿರುಗಿದ್ದಳು. ತಿರುಗಿದವಳಿಗೆ ಕಂಡದ್ದು ಅಂಗಿಯ ಜೇಬಿನೊಳಗೆ ಇಳಿದಿದ್ದ ಅವನ ಬೆರಳು. ಒಂದು ಗಳಿಗೆ ನೋಡಿದಳು. ಆಮೇಲೆ ಒಲೆ ಆರಿಸಿ, 'ಹಾಲು ಉಕ್ತಾ ಇತ್ತು' ಎಂದಳು. ಹಾಲು ಉಕ್ಕಿರಲಿಲ್ಲ. ಪಾತ್ರೆಯ ಅರ್ಧಕ್ಕೇ ಇತ್ತು, ಕೆನೆಯೂ ಕಟ್ಟಿರಲಿಲ್ಲ.

'ಏನು ಕೇಳಿದ್ಲು?' ಎಂದ. ಕೈಯನ್ನು ಜೇಬಿನಿಂದ ತೆಗೆದು, ಮೊದಲಿನಿಂದಲೂ ಅಲ್ಲೇ ಇತ್ತೆನ್ನುವಂತೆ ಸೊಂಟದ ಮೇಲೆ ಇಟ್ಟುಕೊಂಡಿದ್ದ. ಅವಳು ಅವನನ್ನು ಬಳಸಿಕೊಂಡು ಎಡಗಡೆಗೆ ಬಂದು, ಸ್ವಲ್ಪ ಗಟ್ಟಿಯಾಗಿ, 'ಏನಿಲ್ಲ ಬಿಡಿ. ನಿಮಗೆ ಹೊತ್ತಾಯ್ತು' ಎಂದಳು. ಮತ್ತೆ ಅದನ್ನೇ ಇನ್ನೊಂದು ಸಲ ಹೇಳಿದಳು, ಹೊತ್ತಾಯ್ತು ಅಂತ. ಎಡಗಿವಿಯ ಬಳಿ ಬರುವುದು, ಎರಡು ಸಲ ಹೇಳುವುದು, ಅದು ಅವಳ ರೂಢಿ. ಹಾಲಿನವನಿಗೂ, ತನ್ನ ಅಣ್ಣನಿಗೂ, ಫೋನಿನಲ್ಲಿ ಯಾರೇ ಸಿಕ್ಕರೂ ಅವಳು ಹೇಳುವುದಿತ್ತು: 'ನಮ್ಮ ಯಜಮಾನ್ರಿಗೆ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಿ, ಬೇಜಾರು ಮಾಡ್ಕೋಬೇಡಿ.' ಅವನ ಕಿವಿಗೆ ಏನೂ ಆಗಿರಲಿಲ್ಲ. ಪಕ್ಕದ ಮನೆಯ ಗಂಡ ಹೆಂಡಿರು ಪಿಸುಗುಟ್ಟಿ ಜಗಳವಾಡಿದರೂ ಯಾವ ಶಬ್ದದ ಮೇಲೆ ಯಾರ ದನಿ ನಡುಗಿತೆಂದು ಹೇಳಬಲ್ಲವನು. 'ಇವರ ಕಿವಿ ಅಂದರೆ ಕಿವಿ' ಎಂದು ವಿಮರ್ಶಕರು ಬರೆದದ್ದನ್ನು ಅವಳೂ ಓದಿದ್ದಳು. ಹಾಗಾಗಿ ಇದು ತನ್ನನ್ನು ಚುಚ್ಚಲು ಕಟ್ಟಿಕೊಂಡ ಮಾತೆಂದು ಅವನು ಎಂದೋ ತೀರ್ಮಾನಿಸಿದ್ದ. ಚುಚ್ಚಲಿ, ಅಷ್ಟಾದರೂ ಸಲಿಗೆ ಉಳಿದಿದೆಯಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದ. ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊಟ್ಟಳು. ಬಾಗಿಲವರೆಗೆ ಬಂದು 'ಛತ್ರಿ ಬೇಡ್ವಾ' ಎಂದಳು.

ಬೀದಿಯಲ್ಲಿ ನಡೆಯುತ್ತ ಅವನು ತನ್ನ ಬಲಗೈಯನ್ನು ಬೇರೆಯವರದ್ದನ್ನು ನೋಡುವಂತೆ ನೋಡಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಆದರೆ ಇದು ಹುಟ್ಟುಗುಣವೂ ಅಲ್ಲವಲ್ಲ. ಮೂವತ್ತು ವರ್ಷ ತಾನೇ ತಿದ್ದಿ ತೀಡಿ ಕಲಿಸಿದ್ದು. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಸಾಕು, ಯೋಚನೆಗೆ ಮುಂಚೆ ಕೈ ಏಳಬೇಕು, ಯಾಕೆಂದರೆ ಮಾತು ಐದು ನಿಮಿಷದಲ್ಲಿ ತನ್ನ ಆಕಾರ ಕಳೆದುಕೊಳ್ಳುತ್ತದೆ, ಹತ್ತು ನಿಮಿಷದಲ್ಲಿ ಅದು ನಿಮ್ಮ ಮಾತಾಗಿಬಿಡುತ್ತದೆ. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ, ಗ್ರಂಥಾಲಯದ ಮೇಲುಮಹಡಿಯಲ್ಲಿ, ಕಥೆ ಬರೆಯಲು ಕಲಿಯಬೇಕೆಂದು ಬಂದ ಹನ್ನೆರಡು ಜನಕ್ಕೆ ಅವನು ಮೊದಲು ಹೇಳುತ್ತಿದ್ದುದು ಇದನ್ನೇ. ಜೇಬಿನಲ್ಲಿ ಪುಸ್ತಕವಿಲ್ಲದವನು ಕಥೆಗಾರನಲ್ಲ, ಬರೀ ಆಸೆಬುರುಕ. ಎಲ್ಲರೂ ನಗುತ್ತಿದ್ದರು. ಬುದ್ಧಿವಾದ ಹೇಳುವುದಕ್ಕೇನು, ಬಾಯಿಗೇನು ಬೀಗವೇ. ಮನೆಯಲ್ಲಿ ಒಂದು ಹೆಣ್ಣು ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು, ಇವತ್ತು ಯಾಕೋ ತಾನಾಗಿ ತೆರೆದಿತ್ತು. ಥೂ, ಎಂದ ಅವನು ಗಟ್ಟಿಯಾಗಿಯೇ. ಎದುರಿಗೆ ಬರುತ್ತಿದ್ದ ತರಕಾರಿಯವನು ತನಗೇ ಅಂದನೇನೋ ಎಂದು ನಿಂತು ನೋಡಿದ.

ಬೀಗವೆಂದರೆ ಅವಳು ಮಾತು ಬಿಟ್ಟಿದ್ದಳೆಂದಲ್ಲ. ಮಾತಾಡುತ್ತಿದ್ದಳು. ಹಾಲು ಬಂತು. ಬಲ್ಬು ಹೋಗಿದೆ. ಮಾತ್ರೆ ತಗೊಂಡ್ರಾ. ಅಣ್ಣ ಫೋನ್ ಮಾಡಿದ್ದ. ಬಹಳ ದಿನಗಳ ಮೇಲೆ ಅವನಿಗೆ ಹೊಳೆದಿತ್ತು: ಅವಳು ಆಡುವ ಒಂದು ಮಾತೂ ಕಥೆಗೆ ಬರುವಂಥದ್ದಲ್ಲ. ಆರಿಸಿ ಆರಿಸಿ ಆಡುತ್ತಿದ್ದಳು, ಮನೆಯೊಳಗೇ ಕಳ್ಳನಿದ್ದಾನೆಂದು ಗೊತ್ತಾದವರು ಒಡವೆಯನ್ನೆಲ್ಲ ಒಳಗಿಟ್ಟು ಪಾತ್ರೆ ಪಡಗ ಮಾತ್ರ ಹೊರಗೆ ಬಿಡುವ ಹಾಗೆ. ಅದು ಶುರುವಾದದ್ದು ಮಗಳು ಪುಟ್ಟಿಯ ಸಾವಿನ ಬಗ್ಗೆ ಅವನು ಬರೆದ ಕಥೆ ಅಚ್ಚಾದ ವಾರದಿಂದ. ಪುಟ್ಟಿ ಹೋಗಿ ಆಗ ನಾಲ್ಕು ತಿಂಗಳು. ನಾಲ್ಕು ದಿನದ ಜ್ವರ, ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಮುಗಿದುಹೋಯಿತು. ಎಂಟು ವರ್ಷದ ಮಗು. ಡಾಕ್ಟರು ಹೊರಗೆ ಹೋದ ಮೇಲೆ ಇವಳು ಅಳಲಿಲ್ಲ, ಕೂಗಲಿಲ್ಲ. ಮಂಚದ ಪಕ್ಕದ ಬೆಂಚಿನ ಮೇಲೆ ಕೂತು ಮಗುವಿನ ಹೊದಿಕೆಯನ್ನು ಕತ್ತಿನವರೆಗೆ ಎಳೆದು, 'ಕಿಟಕಿ ಹಾಕಿ, ಅವಳಿಗೆ ಗಾಳಿ ಆಗಲ್ಲ' ಎಂದಳು. ಅಷ್ಟೇ. ಅವನು ಹೋಗಿ ಕಿಟಕಿ ಹಾಕಿದ್ದ. ಆ ಮಾತಿನೊಂದಿಗೇ ಅವನ ಕಥೆ ಮುಗಿಯುತ್ತದೆ. ಅದಕ್ಕೆ ಬಹುಮಾನ ಬಂತು, ಪಠ್ಯಕ್ಕೆ ಸೇರಿತು, ಕಾಣದ ಊರುಗಳಿಂದ ಕಾಗದಗಳು ಬಂದವು. ಬಹುಮಾನ ಕೊಟ್ಟ ದಿನ ಸಭೆ ಮುಗಿದ ಮೇಲೆ ಯಾರೋ ಹೆಂಗಸು ಇವಳ ಎರಡೂ ಕೈ ಹಿಡಿದುಕೊಂಡು, ಕಣ್ಣೊರೆಸುತ್ತ, 'ಆ ಕಿಟಕಿ ಮಾತು ಎಷ್ಟು ಚೆನ್ನಾಗಿ ಬರೆದಿದ್ದಾರಮ್ಮ ನಿಮ್ಮ ಯಜಮಾನ್ರು' ಎಂದಿದ್ದಳು. ಇವಳು ಕೈ ಬಿಡಿಸಿಕೊಳ್ಳದೆ, 'ಹೌದು, ಅವರು ಚೆನ್ನಾಗಿ ಬರೀತಾರೆ' ಎಂದಳು. ಅಂದಿನಿಂದ ಅವಳು ಕಿಟಕಿ ಹಾಕಿ ಎಂದು ಅವನಿಗೆ ಒಂದು ದಿನವೂ ಹೇಳಿಲ್ಲ. ಎಷ್ಟೇ ಗಾಳಿಯಿರಲಿ, ಮಳೆ ಒಳಗೆ ಹೊಡೆಯಲಿ, ಅವನು ಕಿಟಕಿಯ ಪಕ್ಕದಲ್ಲೇ ಕೂತಿರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ತಾನೇ ಎದ್ದು ಬಂದು ಹಾಕುತ್ತಿದ್ದಳು.

ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಅವನು ಮನಸ್ಸಿನಲ್ಲೇ ಅವಳ ಮಾತನ್ನು ಮತ್ತೆ ಹೇಳಿಕೊಂಡು ನೋಡಿದ. ಬಾಗಿಲಲ್ಲಿ ನಿಂತ್ಕೊಂಡು ಎಂದಳೋ, ಬಾಗಿಲಲ್ಲೇ ಎಂದಳೋ. 'ಏ' ಇದ್ದರೆ ಹುಡುಗಿ ಒಳಗೆ ಬರಲು ಒಲ್ಲೆ ಎಂದಂತೆ, ಇಲ್ಲದಿದ್ದರೆ ಬರೀ ನಿಂತಂತೆ. ಇಷ್ಟು ಯೋಚಿಸಿ, ಛೆ, ಇದೇನು ಮಾಡುತ್ತಿದ್ದೇನೆ ಎಂದು ಮೆಟ್ಟಿಲ ಮೇಲೆಯೇ ನಿಂತ. ಪುಟ್ಟಿ ಏನು ಕೇಳಿದಳು? ಬೇಕಾದದ್ದು ಅದೊಂದೇ. ಎಂಟು ವರ್ಷ ಅವನ ತೊಡೆಯ ಮೇಲೆ ಬೆಳೆದ ಮಗಳು, ಇವತ್ತಿಗೆ ಹದಿನೇಳು ಆಗಿರಬೇಕಾದವಳು, ಬಾಗಿಲವರೆಗೆ ಬಂದು ಏನೋ ಕೇಳಿ ಹೋಗಿದ್ದಾಳೆ. ಅವನ ಕನಸಿಗೆ ಅವಳು ಈಗ ಬರುವುದೇ ಇಲ್ಲ. ಮೊದಲು ಬರುತ್ತಿದ್ದಳು. ಕಥೆ ಬರೆದು ಮುಗಿಸಿದ ಮೇಲೆ ಬರುವುದನ್ನು ಬಿಟ್ಟಳು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೇಲಿನ ಕೋಣೆಯಲ್ಲಿ ಹನ್ನೆರಡು ಜನರೂ ಬಂದಿದ್ದರು. ಗಡಿಯಾರ ರಿಪೇರಿಯವನು ಎಂದಿನಂತೆ ಮುಂದಿನ ಸಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿ. ಅವನ ಪಕ್ಕ ಅಂಚೆ ಇಲಾಖೆಯಿಂದ ನಿವೃತ್ತನಾದವನು. 'ಮೂವತ್ತೈದು ವರ್ಷ ಊರಿನವರ ಕಾಗದ ಹಂಚಿದೆ ಸಾರ್, ಈಗ ನಂದೂ ಒಂದು ಹಾಕೋಣ ಅಂತ' ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದ. ಸೇರಿಕೊಂಡು ದೆವ್ವದ ಕಥೆಯೊಂದನ್ನೇ ಬರೆಯುತ್ತಿದ್ದ ಅಕ್ಕ ತಂಗಿಯರು, ಮಧ್ಯೆ ಮಧ್ಯೆ ಯಾರ ವಾಕ್ಯ ಉಳಿಯಬೇಕೆಂದು ಜಗಳವಾಡುತ್ತಿದ್ದವರು. ಹೊಲಿಗೆಯವಳು. ಗೋಡೆಯ ಪಕ್ಕ ಒಬ್ಬ ನರ್ಸು, ಕೆಲಸ ಮುಗಿಸಿ ನೇರ ಬರುತ್ತಿದ್ದವಳು, ಇಡೀ ತಿಂಗಳಲ್ಲಿ ಎರಡೇ ಮಾತಾಡಿದ್ದವಳು. ಅವನು ಮೇಜಿನ ಮೇಲೆ ತನ್ನ ಹಳೆಯ ರಟ್ಟಿನ ತುಂಡನ್ನು ಇಟ್ಟುಕೊಂಡ. ಅದರಲ್ಲಿ ಹನ್ನೊಂದು ವರ್ಷದಿಂದ ಹೇಳಿ ಹೇಳಿ ಸವೆದ ಸಲಹೆಗಳಿದ್ದವು. ಮೊದಲ ಪುಟ ಹರಿದು ಹಾಕಿ, ಕಥೆ ಎರಡನೇ ಪುಟದಲ್ಲಿ ಕೂತು ನಿಮ್ಮನ್ನು ಕಾಯುತ್ತಿರುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಗೆ ಎಡವಿದ ಕಡೆ ಸುಳ್ಳಿರುತ್ತದೆ. ಅಳುವನ್ನು ಬರೆಯಬೇಡಿ, ಅಳುವವರ ಕಣ್ಣು ಎಲ್ಲಿ ನೆಟ್ಟಿದೆ ಅದನ್ನು ಬರೆಯಿರಿ. ಇಲ್ಲಿಗೆ ಬಂದಾಗ ಯಾರಾದರೊಬ್ಬರು 'ಕಿಟಕಿ, ಸಾರ್' ಎನ್ನುವುದು ವಾಡಿಕೆ. ಇವತ್ತು ಅಕ್ಕ ತಂಗಿಯರಿಬ್ಬರೂ ಒಟ್ಟಿಗೆ ಅಂದರು. ಅವನು ತಲೆಯಾಡಿಸಿದ. ಒಳಗೆಲ್ಲೋ ಒಂದು ನರ ಹಿಡಿದುಕೊಂಡಂತಾಯಿತು, ಆದರೆ ಬಾಯಿ ತನ್ನ ಪಾಡಿಗೆ ಮುಂದಿನದನ್ನು ಹೇಳುತ್ತಿತ್ತು: ಕಥೆ ಎಲ್ಲಿ ಮುಗಿಯಿತು ಅಂತ ನಿಮಗನಿಸುತ್ತದೋ, ಅದಕ್ಕಿಂತ ಒಂದು ಸಾಲು ಮೊದಲೇ ಅದು ಮುಗಿದಿರುತ್ತದೆ. ಕೊನೆಯ ಸಾಲನ್ನು ಹೊಡೆದು ಹಾಕಿ. ಎಷ್ಟೇ ಪ್ರೀತಿಯದ್ದಾದರೂ ಸರಿ. ಪ್ರೀತಿಯದ್ದಾದರೆ ಮೊದಲು ಹೊಡೆಯಿರಿ.

'ನೀವೂ ಹೊಡೆದು ಹಾಕಿದ್ರಾ ಸಾರ್?' ಎಂದ ಗಡಿಯಾರ ರಿಪೇರಿಯವನು. 'ಅಂದ್ರೆ, ಕಿಟಕಿ ಆದ್ಮೇಲೆ ಇನ್ನೊಂದು ಸಾಲು ಇತ್ತಾ?'

ಇತ್ತು. 'ಕಿಟಕಿ ಹಾಕಿ, ಅವಳಿಗೆ ಗಾಳಿ ಆಗಲ್ಲ' ಎಂದ ಮೇಲೆ ಅವಳು ಇನ್ನೊಂದು ಮಾತು ಆಡಿದ್ದಳು. ಅವನು ಕಿಟಕಿಯ ಚಿಲಕ ಹಾಕಿ, ಆ ಮಾತಿನ ಭಾರಕ್ಕೆ ಮೈ ಜುಮ್ಮೆಂದು, ಮರೆಯುವುದರೊಳಗೆ ಬರೆದುಕೊಳ್ಳಬೇಕು, ಈಗಲೇ ಬರೆದುಕೊಳ್ಳಬೇಕು ಎಂದು ಬಾಗಿಲ ಕಡೆ ನಡೆದಿದ್ದ. ಅವನ ಬೆನ್ನು ಅವಳ ಕಡೆಗಿತ್ತು. ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ. ಆಗ ಅವಳು ಅದೇ ಸಣ್ಣ ದನಿಯಲ್ಲಿ, 'ನೀವೂ ಬನ್ನಿ, ಇಲ್ಲಿ ಕೂತ್ಕೊಳ್ಳಿ' ಎಂದಳು. ಬೆಂಚಿನ ಮೇಲೆ ಅವಳು ಕೈಯಾಡಿಸಿ ಜಾಗ ಮಾಡಿದ ಸದ್ದು ಕೂಡ ಅವನಿಗೆ ಕೇಳಿಸಿತ್ತು. ಒಂದು ನಿಮಿಷ, ಬಂದೆ, ಎಂದು ಮನಸ್ಸಿನಲ್ಲೇ ಅಂದು ಹೊರಗೆ ಹೋದ. ಉದ್ದನೆಯ ಓಣಿಯ ಕೊನೆಯಲ್ಲಿ, ಕೈ ತೊಳೆಯುವ ತೊಟ್ಟಿಯ ಅಂಚಿಗೆ ಔಷಧದ ಚೀಟಿಯನ್ನು ಒತ್ತಿ ಹಿಡಿದು, ಎರಡೂ ಸಾಲು ಬರೆದುಕೊಂಡ. ನಲ್ಲಿ ತೊಟ್ಟಿಕ್ಕಿ ಚೀಟಿ ಒದ್ದೆಯಾಗಿತ್ತು. ವಾಪಸು ಬಂದಾಗ ಅವಳ ಅಣ್ಣ ಬಂದಾಗಿತ್ತು, ಬೆಂಚಿನ ಮೇಲೆ ಅವಳ ಪಕ್ಕ ಅಣ್ಣ ಕೂತಿದ್ದ, ಅವಳು ಅಣ್ಣನ ಹೆಗಲಿಗೆ ಹಣೆಯಿಟ್ಟು ಈಗ ದನಿ ತೆಗೆದು ಅಳುತ್ತಿದ್ದಳು. ಅವನು ಮಗುವಿನ ಕಾಲ ಬಳಿ ನಿಂತುಕೊಂಡ. ಮೂರು ತಿಂಗಳ ಮೇಲೆ ಕಥೆ ಬರೆಯುವಾಗ ಎರಡನೆಯ ಸಾಲು ಮೊದಲ ಸಾಲಿನ ಬಿಗಿಯನ್ನು ಸಡಿಲಿಸುತ್ತದೆ ಅನಿಸಿತು. ಗಂಡನನ್ನು ಕರೆದರೆ ಓದುಗನ ಗಮನ ಮಗುವಿನಿಂದ ಆಚೆ ಹೋಗುತ್ತದೆ ಅನಿಸಿತು. ಒಂದು ಗೆರೆ ಎಳೆದ. ಆ ಗೆರೆ ಎಳೆದಾಗ ಕೈಗೆ ಎಂಥ ಸುಖವಾಗಿತ್ತು ಅನ್ನುವುದು ನೆನಪಾಗಿ, ಈಗ, ಹನ್ನೆರಡು ಜನರ ಎದುರಿಗೆ, ಅವನ ಕಿವಿ ಬಿಸಿಯಾಯಿತು.

'ನೆನಪಿಲ್ಲ' ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಜೇಬು ಮುಟ್ಟಿಕೊಂಡ. ಗಡಿಯಾರದವನು ಇನ್ನೂ ಏನೋ ಕೇಳಲು ಬಾಯಿ ತೆರೆದದ್ದನ್ನು ನೋಡಿ, ಅವನ ಕಣ್ಣು ತಪ್ಪಿಸಲು, ತಟ್ಟನೆ ಹಲಗೆಯ ಕಡೆ ತಿರುಗಿದ. 'ಈಗ ಒಂದು ಅಭ್ಯಾಸ ಮಾಡೋಣ. ಒಂದು ಮುರಿದ ಮಾತು ಕೊಡ್ತೀನಿ. ನೀವು ಮುಗಿಸಬೇಕು. ಒಂದೇ ಸಾಲು.' ಸೀಮೆಸುಣ್ಣ ಎತ್ತಿಕೊಂಡ. ಕೈ ಬರೆಯತೊಡಗಿತು. 'ಒಬ್ಬ ತಾಯಿ ಹೇಳುತ್ತಾಳೆ: ರಾತ್ರಿ ಅವಳು ಕನಸಿನಲ್ಲಿ ಬಂದಿದ್ದಳು. ಬಾಗಿಲಲ್ಲೇ ನಿಂತು ನನ್ನನ್ನು ಒಂದು ಮಾತು ಕೇಳಿದಳು.' ಪೂರ್ಣವಿರಾಮ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದು ಅಕ್ಷರ ದುಂಡಗಿದೆಯೇ ನೋಡಿದ. ಆಗ ಗೊತ್ತಾಯಿತು. ಅಷ್ಟು ಹೊತ್ತಿಗೆ ಹನ್ನೆರಡು ತಲೆಗಳೂ ಬಗ್ಗಿ, ಹನ್ನೆರಡು ಕೈಗಳು ಅವನ ಹೆಂಡತಿಯ ಮಾತನ್ನು ಹಾಳೆಯ ನೆತ್ತಿಗೆ ನಕಲು ಮಾಡಿಕೊಳ್ಳುತ್ತಿದ್ದವು. ಒರೆಸಿಬಿಡಲೇ ಎಂದುಕೊಂಡ. ಒರೆಸುವ ಬಟ್ಟೆಯನ್ನು ಕೈಗೂ ತೆಗೆದುಕೊಂಡ. ಆದರೆ ಏನೆಂದು ಹೇಳಿ ಒರೆಸುವುದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಗ್ಗೆ ಒಂಬತ್ತೂಕಾಲಿಗೆ ಹಾಲಿನ ಪಾತ್ರೆಯ ಮುಂದೆ ಆಡಿದ ಮಾತು, ಹತ್ತೂಮುಕ್ಕಾಲಿಗೆ ಹಲಗೆಯ ಮೇಲೆ. ಇದಕ್ಕಿಂತ ಬೇಗ ಅವನು ಇನ್ಯಾರದ್ದನ್ನೂ ಕದ್ದಿರಲಿಲ್ಲ.

ಒಬ್ಬೊಬ್ಬರಾಗಿ ಓದಿದರು. ಅಕ್ಕ ತಂಗಿಯರು: 'ಅಮ್ಮಾ, ನನ್ನ ಕೊಂದಿದ್ದು ಯಾರು ಗೊತ್ತಾ?' ಎಲ್ಲರೂ ನಕ್ಕರು, ಅವರೂ ನಕ್ಕರು. ಅಂಚೆಯವನು: 'ನಾನು ಬರೆದ ಕಾಗದ ಸಿಕ್ತಾ?' ಗಡಿಯಾರದವನು: 'ಈಗ ಗಂಟೆ ಎಷ್ಟು?' ಹೊಲಿಗೆಯವಳು ತಲೆ ಎತ್ತದೆ ಓದಿದಳು: 'ನನ್ನ ಬಟ್ಟೆ ಎಲ್ಲ ಯಾರಿಗೆ ಕೊಟ್ಟೆ?' ಹಿಂದಿನ ಸಾಲಿನ ಬ್ಯಾಂಕಿನವನೊಬ್ಬ, ಮದುವೆಯೇ ಆಗದವನು: 'ಅಪ್ಪ ಎಲ್ಲಿ?' ಅವನು ಪ್ರತಿಯೊಂದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತ ಹಾಳೆ ತೆಗೆದುಕೊಳ್ಳುತ್ತಿದ್ದ. ಬ್ಯಾಂಕಿನವನ ಹಾಳೆಯನ್ನು ಎಲ್ಲದರ ಕೆಳಗೆ ಸೇರಿಸಿದ. ಪ್ರತಿ ಉತ್ತರಕ್ಕೂ ಇದೇ ಇರಬಹುದು, ಇದೇ ಕೇಳಿರಬಹುದು ಎನ್ನಿಸಿ, ಆಮೇಲೆ ಅಲ್ಲ, ಪುಟ್ಟಿ ಹೀಗೆ ಕೇಳುವವಳಲ್ಲ ಎನ್ನಿಸುತ್ತಿತ್ತು. ಹೇಗೆ ಕೇಳುವವಳು? ಅದೂ ಹೊಳೆಯಲಿಲ್ಲ. ಕಥೆಯೊಳಗಿನ ಮಗು ಹೇಗೆ ಮಾತಾಡುತ್ತದೆಂದು ಮಾತ್ರ ಗೊತ್ತಿತ್ತು. ಕೊನೆಗೆ ನರ್ಸು ಎದ್ದು ತನ್ನ ಹಾಳೆ ಕೊಟ್ಟಳು. ಮೇಲೆ ನಕಲು ಮಾಡಿದ ಸಾಲು, ಕೆಳಗೆ ಖಾಲಿ.

'ಬರೀಲಿಲ್ವಲ್ಲ?'

'ಇದು ಯಾರೋ ನಿಜವಾಗಿ ಹೇಳಿದ ಮಾತು ಅಲ್ವಾ ಸಾರ್?' ಎಂದಳು ಅವಳು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ. 'ವಾರ್ಡಲ್ಲೂ ಹೀಗೇ. ಮಾತು ಶುರು ಮಾಡ್ತಾರೆ, ನಿಲ್ಲಿಸ್ತಾರೆ. ನಾವು ಏನೂ ಸೇರಿಸೋಕೆ ಹೋಗಬಾರದು. ಪಕ್ಕದಲ್ಲಿ ಸುಮ್ನೆ ಕೂತಿದ್ರೆ ಅವರೇ ಮುಗಿಸ್ತಾರೆ.'

'ಮುಗಿಸದೇ ಇದ್ರೆ?'

'ಮುಗಿಸದೇ ಇದ್ರೂ ಕೂತ್ಕೋಬೇಕು ಸಾರ್. ಇನ್ನೇನು ಮಾಡೋಕಾಗುತ್ತೆ' ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

ಎಲ್ಲರೂ ಹೋದ ಮೇಲೆ ಅವನು ಹಲಗೆ ಒರೆಸಿದ. ಒರೆಸಿದ ಮೇಲೂ ಸಾಲು ಮಸುಕಾಗಿ ಕಾಣುತ್ತಿತ್ತು, ನೀರು ಹಾಕಿ ಉಜ್ಜಿದ. ಹಾಳೆಗಳನ್ನು ಚೀಲಕ್ಕೆ ಹಾಕಿ, ಜೇಬಿನ ನೋಟುಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿ ಬಿಟ್ಟು, ಡ್ರಾಯರು ಮುಚ್ಚಿದ. ಮುಚ್ಚುವಾಗ, ಕಥೆಯಲ್ಲಾದರೆ ಇದು ಒಳ್ಳೆಯ ವಿವರ ಎಂದು ತಲೆಯೊಳಗೆ ಯಾವನೋ ಒಬ್ಬ ಹೇಳಿದ. ಅವನನ್ನು ಕತ್ತು ಹಿಚುಕಿ ಕೊಲ್ಲಬೇಕೆನಿಸಿತು. ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡ: ಕೂತುಕೊಳ್ಳಬೇಕು, ಅಷ್ಟೇ, ಪಕ್ಕದಲ್ಲಿ ಹೋಗಿ ಕೂತುಕೊಳ್ಳಬೇಕು, ಏನೂ ಕೇಳಬಾರದು. ಜೇಬು ಹಗುರವಾಗಿ, ಎದೆಯ ಆ ಭಾಗಕ್ಕೆ ಚಳಿಯಾದಂತಿತ್ತು.

ಅವಳು ಬಾಗಿಲು ತೆಗೆದು, ದಿನದಂತೆ ಅವನ ಕೈಯಿಂದ ಚೀಲ ತೆಗೆದುಕೊಂಡು, ಡಬ್ಬಿ ತೊಳೆಯಲೆಂದು ಒಳಗೆ ಕೈಹಾಕಿದಳು. ಡಬ್ಬಿಯ ಜೊತೆ ಹಾಳೆಗಳೂ ಬಂದವು. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಅವಳೇ ಡಬ್ಬಿ ತೆಗೆಯುತ್ತಿದ್ದಳು. ಹಾಳೆಗಳಿದ್ದರೆ ಅವುಗಳ ಕಡೆ ನೋಡದೆ ಅವನ ಮೇಜಿನ ಮೇಲಿಡುತ್ತಿದ್ದಳು. ಇವತ್ತು ನೋಡಿದಳು. ಮೇಲಿನ ಹಾಳೆಯ ನೆತ್ತಿಯಲ್ಲಿದ್ದ ಸಾಲನ್ನು ಓದಿದಳು. ಎರಡನೆಯದರ ನೆತ್ತಿಯಲ್ಲೂ ಅದೇ ಸಾಲು. ಮೂರನೆಯದರಲ್ಲೂ. ಡಬ್ಬಿಯನ್ನು ಕೆಳಗಿಟ್ಟು, ಊಟದ ಮೇಜಿನ ಪಕ್ಕ ನಿಂತುಕೊಂಡೇ ಒಂದೊಂದಾಗಿ ತಿರುವಿದಳು. ಅವನಿಗೆ ಕಿತ್ತುಕೊಳ್ಳಬೇಕು ಅನಿಸಿತು, ಕಾಲಿಗೆ ಬೀಳಬೇಕು ಅನಿಸಿತು, ಏನೂ ಮಾಡದೆ ಕುರ್ಚಿಯಲ್ಲಿ ಕೂತ.

'ಇದು ಯಾರು, ಬಟ್ಟೆ ಕೇಳಿದ್ದು?' ಎಂದಳು ಸ್ವಲ್ಪ ಹೊತ್ತಾದ ಮೇಲೆ.

'ಹೊಲಿಗೆ ಕೆಲಸದವರು.'

'ಹೂಂ. ಅಂದ್ಕೊಂಡೆ.' ಮತ್ತೊಂದು ತಿರುವಿದಳು. 'ಕಾಗದ ಸಿಕ್ತಾ ಅಂತೆ. ಪಾಪ.' ಕೊನೆಯದಕ್ಕಿಂತ ಹಿಂದಿನದು ನರ್ಸಿನ ಹಾಳೆ. 'ಇದರಲ್ಲಿ ಏನೂ ಇಲ್ಲ.'

'ಬರೆಯಲ್ಲ ಅಂದ್ರು.'

ಆ ಹಾಳೆಯನ್ನು ಅವಳು ಬೇರೆಯಾಗಿ ಇಟ್ಟಳು. ಎಲ್ಲದರ ಕೆಳಗಿದ್ದ ಬ್ಯಾಂಕಿನವನ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಎರಡೇ ಶಬ್ದ, ಅದನ್ನು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಆಮೇಲೆ, 'ಇದ್ಯಾವುದೂ ಅಲ್ಲ' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹೊರಗಿನಿಂದ ಗಾಳಿ ಬಂದು ಹಾಳೆಗಳು ಮೇಜಿನ ಮೇಲೆ ಸರಿದವು. ಅವನು ಏಳುವುದರೊಳಗೆ ಅವಳೇ ಹೋಗಿ ಕಿಟಕಿಗೆ ಕೈ ಹಾಕಿದ್ದಳು.

'ಪುಸ್ತಕ ಅಲ್ಲೇ ಬಿಟ್ಟು ಬಂದಿದ್ದೀನಿ, ನೋಡು' ಎಂದ ಅವನು, ಖಾಲಿ ಜೇಬನ್ನು ಎಳೆದು ತೋರಿಸುತ್ತ. ಕದ್ದದ್ದನ್ನು ಬಿಸಾಕಿ ಬಂದ ಹುಡುಗನ ಹಾಗೆ ತೋರಿಸುತ್ತಿದ್ದೇನೆಂದು ಅವನಿಗೇ ನಾಚಿಕೆಯಾಯಿತು. ಅವಳು ತಿರುಗಿ ನೋಡಿದಳು, ತುಟಿಯ ಒಂದು ಮೂಲೆ ನಕ್ಕಂತಾಯಿತು. ಎಷ್ಟು ವರ್ಷವಾಗಿತ್ತು ಅದನ್ನು ನೋಡಿ. ಅಷ್ಟಕ್ಕೇ ಅವನ ಕಣ್ಣು ತುಂಬಿತು, ಮೂವತ್ತು ವರ್ಷದ ಜಾಣತನವೆಲ್ಲ ಕೈಬಿಟ್ಟು, ಯೋಚಿಸದೆ, ತೂಗದೆ, ಪಕ್ಕದ ಕುರ್ಚಿಯನ್ನು ಎಳೆದು ಹೇಳಿದ: 'ನೀನೂ ಬಾ. ಇಲ್ಲಿ ಕೂತ್ಕೋ.'

ಚಿಲಕದ ಮೇಲಿದ್ದ ಅವಳ ಕೈ ಹಾಗೇ ನಿಂತಿತು. 'ಏನಂದ್ರಿ?'

'ಕೂತ್ಕೋ ಅಂದೆ. ಅವತ್ತು ನೀನು ಕರೆದಾಗ ನಾನು ಬಂದು ಕೂರಬೇಕಿತ್ತು. ತಪ್ಪಾಯ್ತು. ಒಂದು ನಿಮಿಷಕ್ಕೆ ಅಂತ ಹೊರಗೆ ಹೋದೆ...'

ತುಟಿಯ ಮೂಲೆಯ ನಗು ಹೋಗಿತ್ತು. ಅವಳು ಅವನನ್ನು, ಗುರುತು ಸಿಗದವರನ್ನು ನೋಡುವಂತೆ, ಹುಬ್ಬು ಕೂಡಿಸಿ ನೋಡಿದಳು.

'ಕೇಳಿಸಿತ್ತಾ?'

ಅವನಿಗೆ ಮೊದಲು ಅರ್ಥವಾಗಲಿಲ್ಲ.

'ಅವತ್ತು ನಾನು ಕರೆದಿದ್ದು. ನಿಮಗೆ ಕೇಳಿಸಿತ್ತಾ?'

ಇಲ್ಲ ಅನ್ನಬಹುದಿತ್ತು. ಕೇಳಿಸಿರಲಿಲ್ಲ, ಆಮೇಲೆ ನಿನ್ನ ಅಣ್ಣ ಹೇಳಿದ ಅನ್ನಬಹುದಿತ್ತು. ಜೀವಮಾನವೆಲ್ಲ ಇಲ್ಲದ್ದನ್ನು ಇದ್ದಂತೆ ಹೇಳಿ ಅನ್ನ ತಿಂದವನು, ಬೇಕಾದ ಒಂದು ಸುಳ್ಳು ಆ ಹೊತ್ತಿಗೆ ಅವನ ಬಾಯಿಗೆ ಬರಲಿಲ್ಲ. ಬಾಯಿ ತೆರೆದ, ಮುಚ್ಚಿದ. ಅವಳಿಗೆ ಅಷ್ಟು ಸಾಕಾಯಿತು.

'ಕಥೇಲಿ ನಾನು ಆಡಿದ ಮಾತೆಲ್ಲ ಇತ್ತು' ಎಂದಳು ಅವಳು, ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ. 'ಡಾಕ್ಟರ ಹತ್ರ ಅಂದಿದ್ದು, ಮಗು ಹತ್ರ ಅಂದಿದ್ದು, ನಾನೇ ಮರೆತಿದ್ದು ಕೂಡ ಇತ್ತು. ಅದೊಂದು ಇರಲಿಲ್ಲ. ಮೂರು ಸಲ ಓದಿದೆ, ಎಲ್ಲಾದ್ರೂ ಸಿಗುತ್ತೇನೋ ಅಂತ. ಇಲ್ಲ ಅಂದ್ಮೇಲೆ ಸಮಾಧಾನ ಆಯ್ತು. ಓಹೋ, ಇವರಿಗೆ ಕೇಳೇ ಇಲ್ಲ. ಕೇಳಿಸಿದ್ರೆ ಬಂದೇ ಬರ್ತಿದ್ರು, ನಾನು ಮೆಲ್ಲಗೆ ಕರೆದೆ, ನಂದೇ ತಪ್ಪು ಅಂದ್ಕೊಂಡೆ.' ಚಿಲಕದಿಂದ ಕೈ ತೆಗೆದಳು. 'ಊರಿಗೆಲ್ಲ ಹೇಳ್ಕೊಂಡು ಬಂದೆನಲ್ರೀ, ಇವರಿಗೆ ಕಿವಿ ಮಂದ ಅಂತ.'

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಬಗ್ಗಿ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿ, ಅಂಚು ಕುಟ್ಟಿ ಸರಿ ಮಾಡಿ, ಬರೆಯದ ಹಾಳೆಯನ್ನೂ ಅವುಗಳ ಜೊತೆಗೇ ಸೇರಿಸಿ ಅವನ ಚೀಲಕ್ಕೆ ಹಾಕಿದಳು. ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಅವನು ಅಲ್ಲೇ ನಿಂತಿದ್ದ. ನಲ್ಲಿ ಬಿಟ್ಟ ಸದ್ದು, ಡಬ್ಬಿಯ ಮುಚ್ಚಳ ಕಲ್ಲಿನ ಮೇಲೆ ಇಟ್ಟ ಸದ್ದು, ಒಂದು ಸಲ ಮೂಗೆಳೆದ ಸದ್ದು, ಕೈ ಒರೆಸಿಕೊಂಡ ಸದ್ದು, ಒಂದೂ ಬಿಡದೆ ಕೇಳಿಸಿತು. ಆಮೇಲೆ ಒಳಗಿನಿಂದಲೇ, ಮೆಲ್ಲಗೆ, 'ತಟ್ಟೆ ಹಾಕಿದೀನಿ' ಎಂದಳು. ಅವನು ಕಾದ. ಅವಳು ಎಡಗಡೆಗೆ ಬಂದು ನಿಲ್ಲಲಿಲ್ಲ. ಎರಡನೆಯ ಸಲ ಹೇಳಲಿಲ್ಲ.